ಶುಕ್ರವಾರದ ಉಡಿಯಕ್ಕಿ

ರಾಯದುರ್ಗ
೧೭ ಆಗಸ್ಟ್ ೨೦೨೫, ಭಾನುವಾರ

ಪ್ರೀತಿಯ ಮಮತಾ,

‘ಕರೆದು ಕೂರಿಸಿದವರ ಕೈಯಲ್ಲೇ ಕದವೂ ಇರುತ್ತದೆ.’ ಹಾಸ್ಟೆಲ್ಲಿನಲ್ಲಿ ನೀನು ಬರೆದಿದ್ದ ಪದ್ಯದ ಸಾಲು ಹೀಗೇ ಇತ್ತಲ್ಲವೇ? ಇದರ ಹಿಂದೊಂದು ಸಾಲಿತ್ತು, ಮುಂದೊಂದಿತ್ತು. ಎರಡೂ ಮರೆತುಹೋಗಿವೆ. ಉಳಿದ ಇದೊಂದಾದರೂ ಸರಿಯಾಗಿ ಉಳಿದಿದೆಯೋ ಇಲ್ಲವೋ. ಆಗ ಇದೇ ಸಾಲಿಗೆ ನಿನ್ನೊಂದಿಗೆ ಜಗಳ ಆಡಿದ್ದೆ. ಕರೆದವರ ಮೇಲೆ ಅನುಮಾನ ಯಾಕೆ, ಕೂರಿಸಿದವರು ಎಬ್ಬಿಸಿಯೇ ತೀರುತ್ತಾರೆಂದು ಎಲ್ಲಿದೆ ಎಂದು ಕೇಳಿದ್ದೆ. ನೀನು ನಿಮ್ಮ ಮಡಕಶಿರದ ಧಾಟಿಯಲ್ಲಿ, “ಎಬ್ಬಿಸ್ತಾರೆ ಅಂತ ನಾನೆಲ್ಲಿ ಅಂದ್ನೇ? ಕದ ಅವ್ರ ಕೈನಾಗೈತೆ ಅಂದೆ, ಅಷ್ಟೆ” ಎಂದು ನಕ್ಕಿದ್ದೆ. ಈ ವಾರವೆಲ್ಲ ಆ ಸಾಲು ನನ್ನ ಹಿಂದೆ ಮುಂದೆ ಓಡಾಡುತ್ತಿದೆ. ನಿಜವೇ ಅದು? ಈಗಲೂ ಒಪ್ಪಲು ಮನಸ್ಸಾಗದು.

ನಿನ್ನ ಪತ್ರ ಬಂದು ಎರಡು ತಿಂಗಳ ಮೇಲಾಯಿತು. ಉತ್ತರ ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀ, ಬೈದುಕೋ. ಮಗಳು ವಿದ್ಯಾಶ್ರೀ ಟೀಚರ್ ಟ್ರೈನಿಂಗಿಗೆ ಸೇರಿದಳೆಂದು ಓದಿ ಸಂತೋಷವಾಯಿತು. ನಮ್ಮ ಮನೆಯವರ ಗುಂಡಿ, ದಾರ, ಜಿಪ್ಪಿನ ಅಂಗಡಿ ಎಂದಿನಂತೆ ನಡೆದಿದೆ. ಜೀನ್ಸ್ ಹೊಲಿಯುವ ಯೂನಿಟ್ಟುಗಳು ಇರುವತನಕ ರಾಯದುರ್ಗದಲ್ಲಿ ಗುಂಡಿ ಮಾರುವವನಿಗೆ ಊಟಕ್ಕೆ ಕೊರತೆ ಇಲ್ಲ. ಫೋನು ಮಾಡಬಹುದಿತ್ತು. ಆದರೆ ಈ ಸಂಗತಿಯನ್ನು ಫೋನಿನಲ್ಲಿ ಹೇಳಹೊರಟರೆ ನಡುವೆಯೇ ಅಳು ಬಂದುಬಿಡುತ್ತದೆ. ನೀನು ಸಮಾಧಾನ ಮಾಡಲು ಶುರುಮಾಡುತ್ತೀ, ಹೇಳಬೇಕಾದದ್ದು ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನಿಂದ ಒಂದು ಕೆಲಸವಾಗಬೇಕು ಮಮತಾ. ನಿಮ್ಮ ಸೀಮೆಯಲ್ಲಿ ಒಂದು ಮಗುವನ್ನು ಹುಡುಕಬೇಕು.

ಸುನೈನಾ ಎಂದು ಹೆಸರು. ಹನ್ನೆರಡು ವರ್ಷ, ನಮ್ಮ ಕನ್ನಡ ಶಾಲೆಯ ಆರನೇ ತರಗತಿ. ನೇಪಾಳದವಳು. ನೇಪಾಳವೆಂದರೆ ಹಿಮದ ಬೆಟ್ಟ ನೆನೆಯಬೇಡ. ಬಿಹಾರಕ್ಕೆ ಅಂಟಿಕೊಂಡ ಬಯಲು ಸೀಮೆ, ಜನಕಪುರದ ಹತ್ತಿರದ ಹಳ್ಳಿ. ಅಪ್ಪ ಜಗದೇವ್ ಇಲ್ಲಿನ ಒಂದು ಯೂನಿಟ್ಟಿನಲ್ಲಿ ಜೀನ್ಸ್ ಬಟ್ಟೆ ಕತ್ತರಿಸುತ್ತಿದ್ದ. ಅಮ್ಮ ಫೂಲೋದೇವಿ ಹೊಲಿದ ಪ್ಯಾಂಟುಗಳನ್ನು ಮನೆಗೆ ತಂದು ದಾರದ ತುದಿಗಳನ್ನು ಕತ್ತರಿಸಿ ಕೊಡುತ್ತಿದ್ದಳು. ಮನೆಯೆಂದರೆ ನಮ್ಮ ಪಕ್ಕದ ಅನ್ನದಾನಮ್ಮನವರ ಹಿತ್ತಲ ಕೋಣೆ. ಹೋದ ವರ್ಷ ಅವರು ಬಾಡಿಗೆಗೆ ಕೇಳಿಕೊಂಡು ಬಂದಾಗ ಅನ್ನದಾನಮ್ಮ “ಯಾವ ಜನಾನೋ ಏನೋ” ಎಂದು ಅನುಮಾನಿಸಿ ನನ್ನನ್ನು ಕರೆಸಿದ್ದರು. ಜನಕಪುರವೆಂದರೆ ಸೀತೆಯ ತವರೂರು ಎಂದು ನಾನು ಹೇಳಿದೆ. “ಸೀತಮ್ಮನ ತೌರಿನವರು ಅಂದ್ರ ನಮ್ಮವರ ಆದ್ರು ಬಿಡ್ರಿ. ಆದ್ರ ಬಾಡಿಗಿ ರಾಮರಾಜ್ಯದ್ದಲ್ಲ, ಈಗಿಂದು” ಎಂದು ಕೀಲಿ ಕೊಟ್ಟರು. ಒಂದು ತಿಂಗಳಲ್ಲಿ ಇಬ್ಬರು ಹೆಂಗಸರೂ ಕಟ್ಟೆಯ ಮೇಲೆ ಎದುರುಬದರು ಕೂತು ದಾರ ಕತ್ತರಿಸುತ್ತಿದ್ದರು. ಒಬ್ಬರ ಮಾತು ಇನ್ನೊಬ್ಬರಿಗೆ ಬಾರದು, ಆದರೂ ದಿನವಿಡೀ ಮಾತು.

ಹುಡುಗಿಯೂ ಅವರ ನಡುವೆ ಕತ್ತರಿ ಹಿಡಿದು ಕೂತಿದ್ದನ್ನು ನೋಡಿ ಶಾಲೆಗೆ ಕರೆದುಕೊಂಡು ಹೋದವಳು ನಾನು. ಆಧಾರ್ ಇಲ್ಲ, ಹಿಂದಿನ ಶಾಲೆಯ ಕಾಗದವಿಲ್ಲ. ಆರರಿಂದ ಹದಿನಾಲ್ಕು ವರ್ಷದೊಳಗಿನ ಮಗುವನ್ನು ಕಾಗದ ಇಲ್ಲವೆಂದು ಹೊರಗೆ ನಿಲ್ಲಿಸುವಂತಿಲ್ಲವೆಂಬ ಕಾನೂನು ನಿನಗೂ ಗೊತ್ತು, ನೀನೂ ಒಂದು ಶಾಲೆ ನಡೆಸುವವಳು. ನಮ್ಮ ಹೆಡ್‌ಮಾಸ್ಟರ್ ಲಕ್ಷ್ಮೀನರಸಪ್ಪನವರಿಗೂ ಗೊತ್ತಿತ್ತು, ಸೇರಿಸಿಕೊಂಡರು. ಮಗು ಒಂದೇ ವರ್ಷದಲ್ಲಿ ಕನ್ನಡ ಹಿಡಿಯಿತು. ನಾನು ತರಗತಿಯಲ್ಲಿ ಪುಸ್ತಕದ ಕನ್ನಡ ಹೇಳಿದರೆ ಅವಳು ಅನ್ನದಾನಮ್ಮನ ಕಟ್ಟೆಯ ಕನ್ನಡ ಕಲಿತು ಬರುತ್ತಿದ್ದಳು. ಹೋಮ್‌ವರ್ಕ್ ಯಾಕೆ ಮಾಡಿಲ್ಲವೆಂದರೆ, “ಕರೆಂಟ್ ಇರ್ಲಿಲ್ರಿ ಮೇಡಂ. ಇದ್ದಿದ್ರೂ ಮಾಡ್ತಿರ್ಲಿಲ್ರಿ, ಬ್ಯಾಸರಾಗಿತ್ತು.” ಹೀಗೆ ಸತ್ಯ ಹೇಳುವ ಮಕ್ಕಳು ನಮ್ಮಲ್ಲಿ ಬಹಳಿಲ್ಲ.

ಜುಲೈ ಕೊನೆಯಲ್ಲಿ ತೊಂದರೆ ಶುರುವಾಯಿತು. ಊರಿನ ಫೋನುಗಳಲ್ಲಿ ಒಂದು ಸುದ್ದಿ ಓಡಾಡಿತು: ಹೊರದೇಶದವರು ಬಂದು ಸೇರಿಕೊಂಡಿದ್ದಾರೆ, ಹುಷಾರಾಗಿರಿ ಎಂದು. ಯಾವ ದೇಶ, ಯಾರು, ಒಂದೂ ಇಲ್ಲ. ಆಮೇಲೆ ಯಾರೋ ಇಬ್ಬರು ಜಗದೇವನ ಯೂನಿಟ್ಟಿಗೆ ಬಂದು ಹೊರಗಿನ ಕೆಲಸಗಾರರ ಫೋಟೊ ತೆಗೆದುಕೊಂಡು ಹೋದರು. ಯಾವ ಆಫೀಸಿನವರೆಂದು ಹೇಳಲಿಲ್ಲ, ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ನೇಪಾಳದವರು ಇಲ್ಲಿ ಬಂದು ದುಡಿಯಲು ವೀಸಾ ಬೇಕಿಲ್ಲ, ಜಗದೇವನ ಹತ್ತಿರ ಅವರ ದೇಶದ ಕಾಗದವೂ ಇತ್ತು. ನಾನಿದನ್ನು ಮನೆಯಲ್ಲಿ ಹೇಳಿದರೆ ನಮ್ಮವರು ಗುಂಡಿ ಎಣಿಸುತ್ತಲೇ, “ಕಾನೂನು ಪುಸ್ತಕದಾಗ ಇರ್ತೈತಿ ಭುವನಾ, ಭಯ ಓಣ್ಯಾಗ ಇರ್ತೈತಿ” ಎಂದರು. ಅಂದಿನಿಂದ ಓಣಿಯಲ್ಲಿ ಬೈಕು ನಿಂತ ಸದ್ದಾದರೆ ನಾನು ಕಿಟಕಿಗೆ ಹೋಗಿ ನೋಡುವುದು ಅಭ್ಯಾಸವಾಯಿತು. ಪಕ್ಕದ ಹಿತ್ತಲಲ್ಲಿ ಫೂಲೋದೇವಿಯೂ ಹಾಗೇ ಬಾಗಿಲ ಸಂದಿಯಲ್ಲಿ ನಿಲ್ಲುತ್ತಿದ್ದುದು ಕಾಣುತ್ತಿತ್ತು.

ಲಕ್ಷ್ಮೀನರಸಪ್ಪನವರು ನಿಮ್ಮ ಕಡೆಯವರೇ. ಒಳ್ಳೆಯವರು, ಅಂಜುವವರು. ನನ್ನನ್ನು ಕರೆದು, “ನೋಡಮ್ಮ, ನಂಗೆ ರಿಟೈರಾಗಾಕೆ ಇನ್ನೊಂದು ವರ್ಸ ಐತೆ. ಕಂಪ್ಯೂಟರ್‌ನಾಗೆ ಆಧಾರ್ ನಂಬರಿಲ್ದೆ ಆ ಮಗೀನ ಹೆಸ್ರು ಏರ್ತಿಲ್ಲ. ನಾಳೆ ಯಾರಾನ ಬಂದು ಕೇಳಿದ್ರೆ ಏನ್ ಹೇಳ್ಲಿ? ನಾಕು ದಿನ ಮನ್ಯಾಗಿರು ಅಂತ ಹೇಳು” ಎಂದರು. ನಾಲ್ಕು ದಿನವೆಂದು ಮನೆಗೆ ಕಳಿಸಿದ ಮಗು ಐದನೆಯ ದಿನ ಕತ್ತರಿ ಹಿಡಿದು ಕಟ್ಟೆಯ ಮೇಲೆ ಕೂತಿರುತ್ತದೆ ಸಾರ್, ನಾನು ಹೇಳಲಾರೆ ಎಂದೆ. ಅವರು ಕನ್ನಡಕ ಒರೆಸಿದರು, ಒರೆಸಿದರು. ಕೊನೆಗೆ ಪೋಷಕರ ಕಮಿಟಿಯ ಮುಂದೆ ಇಡೋಣವೆಂದರು. ಪಾಠ ಕಲಿಯುವ ಮಗುವಿನ ಹಕ್ಕನ್ನು ಕಮಿಟಿ ಹೇಗೆ ತೀರ್ಮಾನಿಸುತ್ತದೆಂದು ಕೇಳಬೇಕಿತ್ತು. ಕೇಳಲಿಲ್ಲ, ಸಭೆಗೆ ಹೋದೆ.

ಆಗಸ್ಟ್ ಏಳರ ಗುರುವಾರ ಸಭೆ. ಯರ್ರಿಸ್ವಾಮಿ ಎಂಬವರು ಕಮಿಟಿಯ ಹಿರಿತಲೆ. ಅವರ ಚಿಕ್ಕ ಮಗಳು ಸುನೈನಾಳ ಬೆಂಚಿನವಳೇ. ಎದ್ದು ನಿಂತು, “ಮೇಡಂ, ನಿಮ್ಮ ಕನ್ನಡ ಮೀಡಿಯಂ ಉಳಿಸಾಕ ನೇಪಾಳದಿಂದ ಮಕ್ಕಳನ್ನ ತರಿಸಾಕ ಹತ್ತೀರೇನ್ರಿ?” ಎಂದರು. ಎಲ್ಲರೂ ನಕ್ಕರು. ನನಗೂ ನಗು ಬಂತು, ಸಿಟ್ಟೂ ಬಂತು.

“ಏನು ಮಾಡೋದು ಯರ್ರಿಸ್ವಾಮಣ್ಣ, ನೀವು ದೊಡ್ಡ ಮಗನ್ನ ಕಾನ್ವೆಂಟಿಗೆ ಹಾಕಿದ್ರಿ. ಆ ಬೆಂಚು ಖಾಲಿ ಇತ್ತು” ಎಂದೆ.

ಮತ್ತೆ ನಕ್ಕರು, ಈ ಸಲ ಅವರ ಕಡೆ ತಿರುಗಿ. ಅವರೂ ತಲೆ ಕೆರೆದುಕೊಂಡರು. “ಅದಲ್ರಿ. ನಾಳೆ ಏನರ ಆದ್ರ ನಮ್ಮ ಮಕ್ಕಳ ಮ್ಯಾಲೆ ಬರಬಾರ್ದಲ್ಲ, ಅದಕ್ಕಂದೆ.”

ಆಗ ನಾನು ಉದ್ದಕ್ಕೆ ಮಾತಾಡಿದೆ. ಆಂಧ್ರದಲ್ಲಿ ಕನ್ನಡ ಓದುವ ನಾವೇ ಎಷ್ಟು ಸಲ ಅನಂತಪುರಕ್ಕೆ ಅರ್ಜಿ ಹೊತ್ತಿದ್ದೇವೆ, ಪುಸ್ತಕ ಕೊಡಿ, ಟೀಚರ್ ಕೊಡಿ, ನಮ್ಮನ್ನು ಹೊರಗಿನವರೆನ್ನಬೇಡಿ ಎಂದು. ಬೇಡಿದ ಬಾಯಿಯಲ್ಲೇ ಇನ್ನೊಂದು ಮಗುವಿಗೆ ಇಲ್ಲ ಎನ್ನುವುದು ಹೇಗೆ? ಒಂದು ಮೂಲೆಯಲ್ಲಿ ಕೂತಿದ್ದ ಅನ್ನದಾನಮ್ಮ (ಅವರ ಮೊಮ್ಮಗನೂ ನಮ್ಮಲ್ಲೇ ಓದುತ್ತಾನೆ) “ಆ ಹುಡುಗಿ ಬಂದಮ್ಯಾಲೆ ನಮ್ಮ ಹುಡುಗ ಮಗ್ಗಿ ಕಲ್ತಾನ. ಆಕಿನ್ನ ಕಳಿಸೋದಿದ್ರ ಅವನ ಮಗ್ಗಿ ನೀವ ಹೇಳಿಕೊಡ್ರಿ ಯರ್ರಿಸ್ವಾಮಿ” ಎಂದರು. ಅಷ್ಟರಲ್ಲಿ ಲಕ್ಷ್ಮೀನರಸಪ್ಪನವರು ಮಂಡಲ ಶಿಕ್ಷಣಾಧಿಕಾರಿಗೆ ಫೋನು ಮಾಡಿ ಬಂದರು. ಹೆಸರು ತೆಗೆಯುವಂತಿಲ್ಲ, ನಂಬರಿಲ್ಲದೆಯೂ ಮಗು ಕೂರಬಹುದು ಎಂದರಂತೆ. ಹೆಡ್‌ಮಾಸ್ಟರರ ಮುಖದಲ್ಲಿ ಎಂಥ ನಿರಾಳ ಇತ್ತೆಂದರೆ, ಪಾಪ, ಅವರಿಗೂ ಆ ಮಗು ಬೇಕಿತ್ತು ಎಂದು ಆಗ ತಿಳಿಯಿತು.

ಗೆದ್ದೆವು ಎಂದುಕೊಂಡೆ.

ಮರುದಿನ ಶ್ರಾವಣದ ಶುಕ್ರವಾರ. ಸಂಜೆ ದೇವರಿಗೆ ದೀಪ ಹಚ್ಚಿ ಕೂತಿದ್ದೆ. ಫೂಲೋದೇವಿ ಒಬ್ಬಳೇ ಬಂದಳು. ಸುನೈನಾ ಸ್ವಾತಂತ್ರ್ಯ ದಿನದ ಹಾಡಿನ ಅಭ್ಯಾಸಕ್ಕೆಂದು ಶಾಲೆಯಲ್ಲಿದ್ದಳು, ನಮ್ಮಿಬ್ಬರ ನಡುವೆ ಮಾತು ದಾಟಿಸುವವರು ಯಾರೂ ಇರಲಿಲ್ಲ. ಅವಳು ನೆಲ ನೋಡುತ್ತ, “ದೀದಿ, ರಹೇಂ ಕಿ ಜಾಯೇಂ?” ಎಂದಳು. ಇರೋದೋ, ಹೋಗೋದೋ. ಅಷ್ಟು ನನಗೆ ತಿಳಿಯಿತು. ಹಿಂದಿನ ದಿನದ ಸಭೆ, ಅಧಿಕಾರಿ ಹೇಳಿದ್ದು, ಇವೆಲ್ಲವನ್ನೂ ಹೇಳಲು ಪರೀಕ್ಷೆಗೆಂದು ಕಲಿತ ನನ್ನ ಹಿಂದಿ ಸಾಲಲಿಲ್ಲ. “ಡರೋ ಮತ್,” ಹೆದರಬೇಡ ಎಂದೆ, ಮುಂದಿನ ಮಾತು ಹೊಳೆಯಲಿಲ್ಲ. ಒಳಗೆ ಹೋಗಿ ತಟ್ಟೆಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನದ ಕೊಂಬು, ಎಲೆ ಅಡಿಕೆ, ಹಬ್ಬಕ್ಕೆಂದು ತಂದಿದ್ದ ಹಸಿರು ಕುಬುಸದ ಖಣ ಇಟ್ಟುಕೊಂಡು ಬಂದೆ. ಮಣೆಯ ಮೇಲೆ ಕೂರಿಸಿ, ಕುಂಕುಮ ಹಚ್ಚಿ, ಉಡಿ ತುಂಬಿದೆ.

ನಿನಗೆ ಬಿಡಿಸಿ ಹೇಳಬೇಕಿಲ್ಲ, ನಿಮ್ಮಲ್ಲಿ ಮಡಿಲಕ್ಕಿ ಎನ್ನುತ್ತೀರಿ. ಶ್ರಾವಣದ ಶುಕ್ರವಾರ ಹೊಸಿಲಿಗೆ ಬಂದ ಮುತ್ತೈದೆಯನ್ನು ಬರಿಗೈಯಲ್ಲಿ ಕಳಿಸಬಾರದು. ಆದರೆ ಅಂದು ನಾನು ಪದ್ಧತಿಗೆಂದು ತುಂಬಲಿಲ್ಲ. ನೀನು ಹೊರಗಿನವಳಲ್ಲ, ಈ ಮನೆಯ ಮಗಳು, ಇಲ್ಲೇ ಇರು ಎಂದು ತುಂಬಿದೆ. ಅವಳು ಸೆರಗು ಒಡ್ಡಿದ ರೀತಿ ನೋಡಬೇಕಿತ್ತು, ಹುಟ್ಟಿದಾಗಿನಿಂದ ಬಲ್ಲವಳಂತೆ ಒಡ್ಡಿದಳು. ತುಂಬಿದ ಮೇಲೆ ಅದರಿಂದ ಚಿಟಿಕೆ ಚಿಟಿಕೆ ಅಕ್ಕಿ ತೆಗೆದು ನನ್ನ ತಟ್ಟೆಗೆ ಹಾಕಿದಳು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ, ಆಶ್ಚರ್ಯವಾಯಿತು. ಆಮೇಲೆ ನನ್ನ ಕಾಲು ಮುಟ್ಟಿ ಎದ್ದು, ಮುಖ ಮುಚ್ಚಿಕೊಂಡು ಅತ್ತಳು. ನನ್ನ ಕಣ್ಣೂ ತುಂಬಿತು. ನನ್ನ ಹಿಂದಿಗಿಂತ ನನ್ನ ಕೈಯೇ ಚೆನ್ನಾಗಿ ಮಾತಾಡಿತು ಎಂದುಕೊಂಡು ಅಂದು ನೆಮ್ಮದಿಯಿಂದ ಮಲಗಿದೆ.

ಹೋದ ಭಾನುವಾರ ಬೆಳಿಗ್ಗೆ ನೋಡಿದರೆ ಅವರಿಲ್ಲ.

ಕೋಣೆ ಗುಡಿಸಿ, ಮುಂದಿನ ಕಲ್ಲಿಗೆ ನೀರು ಹಾಕಿ ಹೋಗಿದ್ದಾರೆ. ಶಾಲೆಯಲ್ಲಿ ಕೊಟ್ಟಿದ್ದ ಪುಸ್ತಕಗಳನ್ನೂ ಚೀಲವನ್ನೂ ಅನ್ನದಾನಮ್ಮನ ಕಟ್ಟೆಯ ಮೇಲೆ ಜೋಡಿಸಿಟ್ಟಿದ್ದಾರೆ. ಜಗದೇವನ ಫೋನು ಅಂದಿನಿಂದ ಬಂದ್. ಅನ್ನದಾನಮ್ಮನನ್ನು ಕೇಳಿದರೆ “ಹೋದ್ರು” ಎಂದಷ್ಟೇ ಹೇಳಿ ಒಳಗೆ ಹೋದರು. ಅಂದಿನಿಂದ ನನ್ನೊಡನೆ ಮಾತಿಲ್ಲ, ಮುಖ ಕೊಟ್ಟು ನೋಡುವುದೂ ಇಲ್ಲ. ಕಟ್ಟೆಯ ಜೊತೆ ತಪ್ಪಿತಲ್ಲ, ಆ ಸಂಕಟವಿರಬೇಕು. ನಿನ್ನೆ ನೇಮಕಲ್ಲಿನ ಆಂಜನೇಯನ ಹತ್ತಿರ ಹೋಗುವಾಗಲೂ, ಬಾ ಎಂದು ಕರೆಯದೆ ಒಬ್ಬರೇ ಹೋದರು.

ಯಾರು ಹೆದರಿಸಿದರು ಎಂಬುದೊಂದೇ ನನ್ನ ಪ್ರಶ್ನೆ. ಗುರುವಾರ ಗೆದ್ದು ಭಾನುವಾರ ಸೋಲುವುದು ಹೇಗೆ? ಲಕ್ಷ್ಮೀನರಸಪ್ಪನವರನ್ನು ಕೇಳಿದೆ, ದೇವರ ಆಣೆ ಮಾಡಿದರು. ಯರ್ರಿಸ್ವಾಮಿಯ ಮನೆಗೇ ಹೋಗಿ ಬಾಗಿಲಲ್ಲಿ ನಿಂತು ಏರುದನಿಯಲ್ಲಿ ಮಾತಾಡಿದೆ. ಅವರು ತಿರುಗಿ ಜಗಳಕ್ಕೆ ಬರಲಿಲ್ಲ. “ಸಭ್ಯಾಗ ಅಂದಿದ್ದು ಖರೇರಿ. ಆಮ್ಯಾಲೆ ಆ ಮಂದಿ ತಂಟೆಗೆ ಹೋಗಿಲ್ರಿ. ನನ್ನ ಮಗಳು ಸರಿಯಾಗಿ ಉಣ್ಣಾಕತ್ತಿಲ್ಲ. ಆ ಹುಡುಗಿ ಎಲ್ಲಿ ಹೋದ್ಲು, ನೀನ ಓಡ್ಸಿದೆ ಅಂತ ನನ್ನ ಜೀವ ತಿಂತಾಳ. ನಿಮಗ ಸಿಕ್ರ ಮೊದ್ಲು ನನಗ ಹೇಳ್ರಿ” ಎಂದರು. ತಲೆ ತಗ್ಗಿಸಿಕೊಂಡು ಬಂದೆ. ಹದಿನೈದರಂದು ಧ್ವಜ ಏರಿಸುವಾಗ ಆರನೇ ತರಗತಿಯ ಸಾಲಿನಲ್ಲಿ ಅವರ ಆ ಮಗಳು ತನ್ನ ಪಕ್ಕ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟುಕೊಂಡೇ ನಿಂತಿದ್ದಳು. ಸರಿದು ನಿಲ್ಲು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಈಗ ನಿನ್ನ ಕೆಲಸ. ಮಡಕಶಿರ, ರೊಳ್ಳ ಕಡೆಯ ರೇಷ್ಮೆ ಶೆಡ್ಡುಗಳಿಗೆ ಸೊಪ್ಪು ಕೊಯ್ಯಲು ಒಬ್ಬ ಮೇಸ್ತ್ರಿ ಜನ ಕರೆದೊಯ್ದನೆಂದು ಜಗದೇವನ ಜೊತೆಯವನೊಬ್ಬ ಹೇಳಿದ. ರತ್ನಗಿರಿಯ ಕೋಟೆಯ ಕೆಳಗಿನ ಊರು ಎಂದ, ಖಾತ್ರಿಯಿಲ್ಲ. ನಿಮ್ಮ ಮಾವನವರಿಗೆ ಆ ಸುತ್ತಿನ ಹಿಪ್ಪುನೇರಳೆ ತೋಟದವರೆಲ್ಲ ಪರಿಚಯ. ಆದರೆ ಎಲ್ಲರೆದುರು ವಿಚಾರಿಸಬೇಡಿ. ಯಾರೋ ಹುಡುಕುತ್ತಿದ್ದಾರೆಂದು ಕಿವಿಗೆ ಬಿದ್ದರೆ ಅಲ್ಲಿಂದಲೂ ಏಳುತ್ತಾರೆ. ನೀನು ಸುಮ್ಮನೆ ಶಾಲೆ ಬಿಟ್ಟ ಮಕ್ಕಳ ಗಣತಿಗೆ ಬಂದವಳಂತೆ ಹೋಗು. ಹಿಂದಿ ಮಾತಾಡುವ ಜನರ ನಡುವೆ, ನಿಮ್ಮ ಕಡೆಯ ಮಾತಿನ ನಡುವೆ, ಒಬ್ಬ ಹುಡುಗಿ “ಹೌದ್ರಿ, ಬರ್ರಿ, ಕೂಡ್ರಿ” ಎಂದರೆ ಅದು ನನ್ನ ಸುನೈನಾ. ನಿಮ್ಮ ಮಡಕಶಿರದಲ್ಲಿ ರಾಯದುರ್ಗದ ಕನ್ನಡ ಆಡುವ ನೇಪಾಳದ ಮಗು ಇನ್ನೊಂದಿರಲಾರದು.

ಸಿಕ್ಕರೆ ನಿನ್ನ ಶಾಲೆಗೇ ಸೇರಿಸಿಕೋ. ಟಿ.ಸಿ. ಇಲ್ಲವೆಂದು ಯಾರಾದರೂ ತಕರಾರು ಮಾಡಿದರೆ ಅದಕ್ಕಾಗಿ ಮಗುವನ್ನು ಕಾಯಿಸುವಂತಿಲ್ಲವೆಂದು ಹೇಳು. ಅಪ್ಪ ಅಮ್ಮನನ್ನೂ ಕೂರಿಸಿ ಮಾತಾಡು, ಮಗುವಿನ ಕೈಯಲ್ಲೇ ಅರ್ಥ ಹೇಳಿಸು. ಹೆದರಿಸಿದವರು ಯಾರೇ ಇರಲಿ, ರಾಯದುರ್ಗದಲ್ಲಿ ಬೇಕು ಎನ್ನುವವರೂ ಇದ್ದರು ಎಂದು ಹೇಳು.

ವಿದ್ಯಾಶ್ರೀಗೆ ನನ್ನ ಆಶೀರ್ವಾದ. ಅವಳು ಕಲಿಸುವ ತರಗತಿಯಲ್ಲಿ ಎಲ್ಲ ಬೆಂಚೂ ತುಂಬಿರಲಿ. ದೊಡ್ಡರಂಗಪ್ಪ ಮಾವನವರಿಗೆ ನಮಸ್ಕಾರ. ನೀನು ಬಿ.ಪಿ. ಮಾತ್ರೆ ತಪ್ಪಿಸಬೇಡ. ಮನೆ ತಂಪಾಗಿರಲಿ.

ನಿನ್ನ
ಭುವನೇಶ್ವರಿ

ಮರೆತ ಮಾತು: ಮರೆತದ್ದಲ್ಲ ಮಮತಾ, ಈಗಷ್ಟೇ ತಿಳಿದದ್ದು. ಲಕೋಟೆಗೆ ಅಂಟು ಹಚ್ಚುವಾಗ ಅನ್ನದಾನಮ್ಮ ನಮ್ಮ ಇಡ್ಲಿ ಪಾತ್ರೆ ಹಿಂದಿರುಗಿಸಲು ಬಂದರು. ಒಳಗೆ ಬನ್ನಿ ಎಂದರೆ ಬರಲಿಲ್ಲ, ಹೊಸಿಲ ಆಚೆಯೇ ನಿಂತರು. ನನ್ನ ಕೈಯಲ್ಲಿದ್ದ ಲಕೋಟೆ ನೋಡಿ ಯಾರಿಗೆಂದು ಕೇಳಿದರು. ಸುನೈನಾಳನ್ನು ಹುಡುಕಲು ಮಡಕಶಿರದ ಗೆಳತಿಗೆ ಬರೆದೆ ಎಂದೆ.

“ನೀವ ಕಳಿಸ್ತೀರಿ, ನೀವ ಹುಡುಕ್ತೀರಿ. ಇದ್ಯಾವ ನ್ಯಾಯರೀ ಟೀಚರಮ್ಮ?” ಎಂದರು.

ನಾನೆಲ್ಲಿ ಕಳಿಸಿದೆ ಎಂದೆ. ಅವರು ನನ್ನ ಮುಖ ನೋಡಿದರು. ಅಭಿನಯವಲ್ಲವೆಂದು ತಿಳಿದಿರಬೇಕು, ದನಿ ಇಳಿಯಿತು. ಭಾನುವಾರ ನಸುಕಿನಲ್ಲಿ ಫೂಲೋದೇವಿ ಕಟ್ಟೆಯ ಬಳಿ ನಿಂತು, ಸೆರಗಿನ ಗಂಟು ಬಿಚ್ಚಿ ನಾನು ತುಂಬಿದ ಅಕ್ಕಿ ತೋರಿಸಿದಳಂತೆ. ಅಮ್ಮ ಹೇಳಿದ್ದನ್ನು ಸುನೈನಾ ಕನ್ನಡದಲ್ಲಿ ಹೇಳಿದಳಂತೆ. ಅವರ ಸೀಮೆಯಲ್ಲಿ ಹೆಣ್ಣಿನ ಸೆರಗಿಗೆ ಹೀಗೆ ಅಕ್ಕಿ, ಅರಿಶಿನ ಹಾಕುವುದು ಅವಳು ಮನೆ ಬಿಟ್ಟು ಹೊರಡುವಾಗ. ಹೊರಡುವವಳು ಚಿಟಿಕೆ ಅಕ್ಕಿ ತಿರುಗಿ ಹಾಕುವುದು, ತವರು ಖಾಲಿಯಾಗದಿರಲಿ ಎಂದು. ಇರೋದೋ ಹೋಗೋದೋ ಎಂದು ಕೇಳಿದವಳಿಗೆ ನಾನು ಕೊಟ್ಟ ಉತ್ತರ ಅದು.

“ನಮ್ಮಲ್ಲಿ ಶುಕ್ರವಾರ ಬಂದವರಿಗೆಲ್ಲ ತುಂಬ್ತೀವಲ್ಲ ಅನ್ನದಾನಮ್ಮ, ನೀವೂ ತುಂಬ್ತೀರಲ್ಲ” ಎಂದೆ.

“ನಮಗ ಗೊತ್ತೈತ್ರಿ. ಆಕಿಗೇನು ಗೊತ್ತು? ಟೀಚರಮ್ಮಗ ಏನೋ ಕಷ್ಟ ಬಂದಿರ್ಬೇಕು, ಅದಕ್ಕ ಕಳಿಸ್ಯಾರ ಅಂತ ನಾನೂ ತಿಳ್ಕೊಂಡೆ. ಸಿಟ್ಟು ಬಂತು, ಬಾಯಿ ಮುಚ್ಚಿಕೊಂಡೆ” ಎಂದರು.

ಪಾತ್ರೆಯನ್ನು ಹೊಸಿಲ ಮೇಲಿಟ್ಟು, ಹೊರಟವರು ಮತ್ತೆ ತಿರುಗಿದರು.

“ಆಕಿ ಹೊಂಟಾಗ ಅಳಲಿಲ್ರಿ. ಹೋಗು ಅಂತ ಉಳಿದವ್ರು ಕಣ್ಣಾಗ ಅಂದ್ರು, ಫೋನಿನಾಗ ಅಂದ್ರು. ಟೀಚರಮ್ಮ ಒಬ್ರ ಕುಂಕುಮ ಹಚ್ಚಿ ಉಡಿ ತುಂಬಿ ಹೋಗು ಅಂದ್ರು. ಅವ್ರಿಗೆ ನಮ್ಮ ನಮಸ್ಕಾರ ಹೇಳ್ರಿ ಅಂತ ಮಗಳ ಕೈಲಿ ಹೇಳ್ಸಿದ್ಲು. ವಾರಾತು, ಹೇಳಾಕ ನನಗ ಮನಸ್ಸು ಬರಲಿಲ್ಲ. ಈಗ ಹೇಳೀನಿ ನೋಡ್ರಿ.”